ಬೆಳೆಯುವ ಕೈಗೊಂದು ಕೊಳಲು

ಬಸವನ ಬಾಗೇವಾಡಿಯಲ್ಲಿ ಶಾಲೆಯ ಮಕ್ಕಳಿಗೆ ಬಟ್ಟೆ ಹೊಲಿಸುವವರು ಸುನಂದಾಳ ಮನೆಯನ್ನು ಕೇಳಿಕೊಂಡು ಬರುತ್ತಾರೆ. ಪೇಟೆಯಲ್ಲಿ ಬೋರ್ಡು ಹಾಕಿಕೊಂಡು ಕೂತ ಟೇಲರುಗಳಿಗೇನೂ ಬರಗಾಲವಿಲ್ಲ. ಆದರೆ ಅವರು ಅಳತೆಗೆ ಸರಿಯಾಗಿ ಹೊಲಿಯುತ್ತಾರೆ, ಊರಿನ ತಾಯಂದಿರ ಪ್ರಕಾರ ಅದೇ ಅವರ ದೊಡ್ಡ ತಪ್ಪು. ಜೂನ್ ತಿಂಗಳಲ್ಲಿ ಮೈಗೆ ಸರಿಯಾಗಿ ಕೂತ ಚಡ್ಡಿ ದೀಪಾವಳಿ ಮುಗಿಯುವುದರೊಳಗೆ ತೊಡೆ ಕಚ್ಚತೊಡಗುತ್ತದೆ. ಸುನಂದಾ ಹೊಲಿದದ್ದು ಹಾಗಲ್ಲ. ಮೊದಲ ವರ್ಷ ಮೊಣಕಾಲು ದಾಟಿ ಜೋತಾಡುತ್ತದೆ, ಮರುವರ್ಷ ಮೈಗೆ ಹೊಂದುತ್ತದೆ, ಅದರ ಮುಂದಿನ ವರ್ಷ ತಮ್ಮನ ಪಾಲಾಗುತ್ತದೆ. ಅಂಚಿನಲ್ಲಿ, ಸೊಂಟದಲ್ಲಿ, ಬಗಲಲ್ಲಿ ಎಲ್ಲ ಕಡೆ ಆಕೆ ಬಟ್ಟೆಯನ್ನು ಒಳಗೆ ಮಡಚಿ ಕಚ್ಚಾ ಹೊಲಿಗೆ ಹಾಕಿರುತ್ತಾಳೆ. ವರ್ಷಕ್ಕೊಮ್ಮೆ ಬಂದು ಒಂದು ಮಡಿಕೆ ಬಿಚ್ಚಿಸಿಕೊಂಡು ಹೋದರಾಯಿತು.

"ಇದೇನ್ ಸುನಂದಕ್ಕಾ, ನನ್ನ ಮಗನ್ನ ಚೀಲದಾಗ ಹಾಕಿಯಲ್ಲ?" ಎಂದು ಹೊಸದಾಗಿ ಬಂದ ತಾಯಿ ಯಾರಾದರೂ ಕೇಳಿದರೆ, "ನಿನ್ನ ಮಗ ಹಿಂಗ ಗಿಡ್ಡನ ಇರ್ತಾನೇನು? ಬೆಳೀತಾನ, ತಡಿ" ಎನ್ನುತ್ತಾಳೆ. ಹೇಳುವ ಧಾಟಿ ಹೇಗಿರುತ್ತದೆಂದರೆ ಮಗುವನ್ನು ಬೆಳೆಸುವ ಜವಾಬ್ದಾರಿಯನ್ನೂ ತಾನೇ ವಹಿಸಿಕೊಂಡಂತೆ. ಬಾಯಿ ಸ್ವಲ್ಪ ಜೋರು. ಕೊರಳಲ್ಲಿ ಸದಾ ಟೇಪು, ಮೂಗಿನ ಮೇಲೆ ದಾರ ಕಟ್ಟಿದ ಕನ್ನಡಕ. ಮಾತಾಡುವಾಗಲೂ ಹೊಲಿಗೆ ಯಂತ್ರದ ಮೇಲಿನ ಕಾಲು ನಿಲ್ಲುವುದಿಲ್ಲ. ಮಗ್ಗುಲಲ್ಲೇ ಆಕೆಯ ಗಂಡ ಸಿದ್ದಲಿಂಗನ ಹಿಟ್ಟಿನ ಗಿರಣಿ. ಹುಬ್ಬು, ರೆಪ್ಪೆ, ಕಿವಿಯ ಮೇಲಿನ ಕೂದಲೆಲ್ಲ ಬೆಳ್ಳಗಾಗಿ ಆತ ನಡುವಯಸ್ಸಿನಲ್ಲೇ ಮುದುಕನ ವೇಷ ಹಾಕಿಕೊಂಡಿರುತ್ತಾನೆ. ಗಂಡ ಹೆಂಡತಿ ದಿನವಿಡೀ ಕೂಗಿಯೇ ಮಾತಾಡಬೇಕು. ಕೇಳಿದವರು ಜಗಳ ಅಂದುಕೊಳ್ಳುತ್ತಾರೆ, ಹೆಚ್ಚಿನ ಸಲ ಅದು ಚಹಾದ ವಿಚಾರವಾಗಿರುತ್ತದೆ.

ಸುನಂದಾಳಿಗೆ ಮಕ್ಕಳಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ, ಆಕೆಯೂ ಹಾಗೆ ಹೇಳುವವಳಲ್ಲ. ಮದುವೆಯಾದ ಮೇಲೆ ಬಹಳ ವರ್ಷ ಕಾದಳು, ಆಮೇಲೆ ಕಾಯುವುದನ್ನು ಬಿಟ್ಟಳು. ಊರಿನ ಅರ್ಧ ಮಕ್ಕಳ ಸೊಂಟದ ಸುತ್ತಳತೆ ಬಾಯಿಪಾಠ ಇದ್ದವಳಿಗೆ ಸಂಜೆ ಬಾಗಿಲು ಹಾಕಿದ ಮೇಲೆ ಮಾತ್ರ ಮನೆ ದೊಡ್ಡದೆನಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಯುವರಾಜ ಬಂದ.

ಯುವರಾಜ ತಂಗಿ ಭಾಗ್ಯಜ್ಯೋತಿಯ ಮಗ. ಅಕ್ಕತಂಗಿಯರಿಬ್ಬರೂ ಸಿಂದಗಿಯಲ್ಲಿ ಹುಟ್ಟಿ ಬೆಳೆದವರು. ತಂಗಿ ನರ್ಸ್ ಕಲಿತು ಸರಕಾರಿ ನೌಕರಿ ಹಿಡಿದಳು, ಇಂಡಿಯ ಸಂಜೀವಕುಮಾರನನ್ನು ಮದುವೆಯಾದಳು. ಸಂಜೀವಕುಮಾರನದು ಲಿಂಬೆಹಣ್ಣಿನ ವ್ಯಾಪಾರ. ಹಂಗಾಮು ಬಂತೆಂದರೆ ಲಾರಿಯ ಹಿಂದೆ ಊರೂರು ತಿರುಗುವ ಮನುಷ್ಯ. ಸರಕಾರ ಭಾಗ್ಯಜ್ಯೋತಿಯನ್ನು ಕಾರವಾರದ ಕಡೆ ಒಗೆಯಿತು. ಆಗಷ್ಟೇ ಹಾಲು ಬಿಡಿಸಿದ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, "ವರ್ಗಾ ಆಗೋತನಕ ಇಟ್ಕೋ ಅಕ್ಕಾ" ಎಂದು ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಸರಕಾರಿ ವರ್ಗಾವಣೆ ಎಷ್ಟು ಲಗೂ ಆಗುತ್ತದೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಕೂಸು ಅಂಬೆಗಾಲು ಬಿಟ್ಟು ಓಡಿತು, ಅಂಗನವಾಡಿಗೆ ಹೋಯಿತು, ಹಲ್ಲು ಬಿದ್ದು ಹೊಸ ಹಲ್ಲು ಬಂದವು, ಎರಡನೇ ಇಯತ್ತೆಗೆ ಬಂತು. ವರ್ಗಾವಣೆಯ ಸುದ್ದಿಯೇ ಇಲ್ಲ.

ಸುನಂದಾಳ ನಡತೆಯಲ್ಲಿ ಯಾರೂ ಬೆರಳಿಟ್ಟು ತೋರಿಸುವಂಥ ತಪ್ಪಿರಲಿಲ್ಲ. ಹುಡುಗ ಒಮ್ಮೆ 'ಅವ್ವಾ' ಎಂದು ಕರೆದಾಗ ತಾನೇ ತಿದ್ದಿದಳು: "ಅವ್ವ ಫೋನಿನ್ಯಾಗ ಅದಾಳ. ನಾ ದೊಡ್ಡವ್ವ." ಪ್ರತಿದಿನ ಸಂಜೆ ಫೋನು ಹಿಡಿದು ಅವನ ಮುಖವನ್ನು ತಂಗಿಗೆ ತೋರಿಸುತ್ತಿದ್ದಳು. ಸೋಮವಾರ ಬಸವಣ್ಣನ ಗುಡಿಗೆ ಹೋದಾಗ, ತಂಗಿಗೆ ವರ್ಗಾವಣೆಯಾಗಲಿ ಎಂದು ಬಾಯಿಬಿಟ್ಟು ಬೇಡಿಕೊಳ್ಳುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದಳಲ್ಲ, ಆಗ ಬೇಡುತ್ತಿದ್ದದ್ದು ಬೇರೆ. ದೇವರಿಗೆ ಎರಡೂ ಕೇಳಿಸಿರಬೇಕು, ಪಾಪ, ಅವನೂ ಗೊಂದಲಕ್ಕೆ ಬಿದ್ದಿರಬೇಕು.

ಕೊಳಲಿನ ವಿಷಯ ಶುರುವಾದದ್ದು ಮಠದ ಭಜನೆಯಲ್ಲಿ. ನಿವೃತ್ತ ಮಾಸ್ತರ ಚನ್ನಬಸಯ್ಯನವರು ಅಲ್ಲಿ ಕೊಳಲು ಊದುತ್ತಾರೆ. ಉಳಿದ ಮಕ್ಕಳು ಪ್ರಸಾದದ ಪಾತೇಲಿ ಯಾವಾಗ ಹೊರಬರುತ್ತದೋ ಎಂದು ಕತ್ತು ಉದ್ದ ಮಾಡಿ ಕೂತಿದ್ದರೆ, ಯುವರಾಜ ಮಾತ್ರ ಸರಿದು ಸರಿದು ಚನ್ನಬಸಯ್ಯನವರ ಮೊಣಕಾಲಿಗೆ ಆತುಕೊಂಡಿದ್ದ. ಒಂದು ದಿನ ಅವರು ತಮ್ಮ ಹಳೆಯ ಕೊಳಲೊಂದನ್ನು ಅವನ ತುಟಿಗೆ ಹಿಡಿದರು. ಮಕ್ಕಳು ಊದಿದರೆ ಮೊದಮೊದಲು ಬರೀ ಗಾಳಿ ಬರುವುದು ರೂಢಿ. ಇವನು ಊದಿದಾಗ ದನಿ ಬಂತು.

ಭಜನೆ ಮುಗಿದ ಮೇಲೆ ಅವರು ಸುನಂದಾಳನ್ನು ಕರೆದು ಹೇಳಿದರು: "ಹುಡುಗನ ಉಸುರು ಚಲೋ ಐತ್ರಿ. ರಜಾದಾಗ ಕಳಸ್ರಿ, ನಾ ಹೇಳಿಕೊಡ್ತೇನಿ. ಒಂದು ಕೊಳಲು ಮಾತ್ರ ತರ್ರಿ. ಸಂತ್ಯಾಗಿನ ಬಣ್ಣದ ಪೀಪಿ ಬ್ಯಾಡ. ಮುದ್ದೇಬಿಹಾಳದಾಗ ಬಾಬುಲಾಲರ ಅಂಗಡಿ ಐತಿ, ಅಲ್ಲಿ ಹೋಗ್ರಿ. ಸಣ್ಣ ಕೊಳಲು ತಗೋರಿ, ಇವನ ಬೆರಳಿಗೆ ಎಲ್ಲಾ ತೂತೂ ಮುಚ್ಚಬೇಕು. ಹುಡುಗನ್ನ ಕರಕೊಂಡೇ ಹೋಗ್ರಿ."

ಆ ವಾರವೇ ತಂಗಿಯ ಫೋನು ಬಂತು. ಅಳು ನಗು ಎರಡೂ ಕೂಡಿ ಭಾಗ್ಯಜ್ಯೋತಿಗೆ ಮಾತೇ ಹೊರಡುತ್ತಿರಲಿಲ್ಲ. "ಅಕ್ಕಾ, ವರ್ಗಾ ಆತು! ಇಂಡಿಗೇ ಹಾಕ್ಯಾರ! ಸಾಲಿ ಸುರು ಆಗೂದ್ರಾಗ ಯುವರಾಜನ್ನ ಕರಕೊಂಡ ಹೋಗ್ತೇನಿ."

"ಚಲೋ ಆತವ್ವಾ," ಎಂದಳು ಸುನಂದಾ. "ಬಸವಣ್ಣ ಕಣ್ಣು ತೆರದಾ." ಫೋನು ಇಟ್ಟವಳು ಯಂತ್ರದ ಮುಂದೆ ಹಾಗೇ ಕೂತಳು. ಎದುರಿಗೆ ಯುವರಾಜನ ಹೊಸ ಅಂಗಿ ಇತ್ತು. ತೋಳಿನಲ್ಲಿ ಎರಡು ಮಡಿಕೆ ಹಾಕಿದ್ದಳು. ಮೊದಲನೆಯದನ್ನು ಇನ್ನು ಯಾವ ಕೈ ಬಿಚ್ಚುತ್ತದೋ ಎಂದು ಆ ಮಡಿಕೆಯ ಮೇಲೆ ಬೆರಳಾಡಿಸಿದಳು. ಬೆಳೆದ ಹುಡುಗನನ್ನು ನೋಡುವ ಆಸೆಯಿಂದಲೇ ಅಲ್ಲವೇ ಆಕೆ ಇಷ್ಟೂ ಬಟ್ಟೆಯನ್ನು ಒಳಗೆ ಮಡಚಿಟ್ಟಿದ್ದು? ಎತ್ತರವಾದ ಯುವರಾಜ, ಮೀಸೆ ಚಿಗುರಿದ ಯುವರಾಜ, ಪ್ಯಾಂಟು ಹಾಕಿದ ಯುವರಾಜ ಇವರೆಲ್ಲ ತನ್ನ ಮನೆಯ ಹೊಸ್ತಿಲಲ್ಲೇ ತಲೆ ಬಗ್ಗಿಸಿ ಒಳಗೆ ಬರುತ್ತಾರೆಂದು ನಂಬಿದ್ದಳು.

ಆಗ ಕೊಳಲು ನೆನಪಾಯಿತು. ಚನ್ನಬಸಯ್ಯನವರು ಇರುವುದು ಬಾಗೇವಾಡಿಯಲ್ಲಿ. ಕಲಿಕೆ ನಡೆದಿರುವಾಗ ಹುಡುಗನನ್ನು ನಡುವೆ ಕಿತ್ತುಕೊಂಡು ಹೋಗು ಎಂದು ಯಾರು ಹೇಳಿಯಾರು? ತಂಗಿ ತಿಳಿದವಳು, 'ಕಲಿಯೋತನಕ ಇರ್ಲಿ ಬಿಡಕ್ಕಾ' ಎನ್ನುತ್ತಾಳೆ. ಬೇಗ ಕಲಿತು ಮುಗಿಸುವಂಥ ಕೊಳಲು ಮಾತ್ರ ತರಬಾರದು. ಈ ಆಲೋಚನೆ ಹೊಳೆದದ್ದೇ ಸುನಂದಾ ಎದ್ದು ಚಹಾ ಇಟ್ಟಳು. ಅಂಗಳದಲ್ಲಿ ಗೋಲಿ ಆಡುತ್ತಿದ್ದ ಯುವರಾಜನನ್ನು ಕರೆದು, "ನೋಡಪಾ, ಕೊಳಲು ಬರಬೇಕಂದ್ರ ಬಾಗೇವಾಡ್ಯಾಗ ಇರಬೇಕು. ಇಂಡ್ಯಾಗ ಬರಂಗಿಲ್ಲ" ಎಂದಳು.

"ಯಾಕ ಬರಂಗಿಲ್ಲ?"

"ಬರಂಗಿಲ್ಲ ಅಂದ್ರ ಬರಂಗಿಲ್ಲ."

ದೊಡ್ಡವರು ಹೇಳಿದ್ದನ್ನು ಅನುಮಾನಿಸುವ ವಯಸ್ಸಲ್ಲ ಅವನದು. ಹೂಂ ಎಂದು ಆಟಕ್ಕೆ ಹೋದ.

ಹುಡುಗ ಶಾಲೆಗೆ ಹೋದ ಹೊತ್ತು ನೋಡಿ ಸುನಂದಾ ಒಬ್ಬಳೇ ಮುದ್ದೇಬಿಹಾಳದ ಬಸ್ಸು ಹತ್ತಿದಳು. ಬಾಬುಲಾಲರದು ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ. ರಿಪೇರಿಗೆ ಬಂದ ಹಾರ್ಮೋನಿಯಂ ಪೇಟಿ, ತಬಲಾ, ಮೊಹರಂಗೆ ಬಡಿಯುವ ಹಲಗೆ ಎಲ್ಲ ಒಂದರ ಮೇಲೊಂದು. ಮೂಲೆಯ ಡಬ್ಬಿಯಲ್ಲಿ ಕೊಳಲುಗಳು ನಿಂತಿದ್ದವು. ಹುಡುಗನ ವಯಸ್ಸು ಕೇಳಿಕೊಂಡು ಅವರು ಒಂದು ಸಣ್ಣ ಕೊಳಲು ತೆಗೆದರು. ಬಿರುಕಿದೆಯೋ ಎಂದು ಬೆಳಕಿಗೆ ಹಿಡಿದು ನೋಡಿದರು, ಊದಿದರು, ಒರೆಸಿ ಕೊಟ್ಟರು. "ಸುರುವಾತಿಗೆ ಇದು ಸಾಕು ತಂಗಿ. ಬೆರಳು ಆರಾಮ ಕುಂದರಬೇಕು, ಜಗ್ಗಬಾರದು."

"ದೊಡ್ಡದು ತೋರಸ್ರಿ."

ಬಾಬುಲಾಲ ಮಧ್ಯಮದ್ದೊಂದು ತೋರಿಸಿದರು. ಸುನಂದಾ ತಾನೇ ಡಬ್ಬಿಗೆ ಕೈ ಹಾಕಿ ಎಲ್ಲಕ್ಕಿಂತ ಉದ್ದದ ಕೊಳಲನ್ನು ಎಳೆದಳು. ಒಳ್ಳೆಯ ಬಿದಿರು, ನುಣ್ಣಗಿತ್ತು, ಎರಡೂ ತುದಿಗೆ ಕೆಂಪು ದಾರ ಬಿಗಿದಿತ್ತು.

"ಅದು ದೊಡ್ಡ ಮನುಷ್ಯಾರು ಊದೂದು," ಎಂದರು ಬಾಬುಲಾಲ.

"ಬೆಳೆಯೋ ಹುಡುಗ ಅದಾನ್ರಿ. ನಾ ಟೇಲರ್ ಅದೇನಿ, ನನಗ ಗೊತ್ತಿಲ್ಲೇನು? ಮಕ್ಕಳಿಗೆ ಯಾವಾಗಲೂ ಒಂದೀಟು ದೊಡ್ಡದ ತಗೋಬೇಕು."

ಬಾಬುಲಾಲ ಜೋರಾಗಿ ನಕ್ಕರು. "ಅಂಗಿಗೆ ಮಡಿಕಿ ಹಾಕಬಹುದು ತಂಗಿ, ಕೊಳಲಿಗೆ ಹೆಂಗ ಹಾಕ್ತಿ?" ಸುನಂದಾ ನಗಲಿಲ್ಲ. ಗಿರಾಕಿಯ ಮುಖ ನೋಡಿ ಅವರೂ ವಾದ ಬೆಳೆಸಲಿಲ್ಲ. ಹೊಂದದಿದ್ದರೆ ತಂದು ಬದಲಿ ಮಾಡಿಕೊಂಡು ಹೋಗು ಎಂದಷ್ಟೇ ಹೇಳಿ ಕಾಗದದಲ್ಲಿ ಸುತ್ತಿ ಕೊಟ್ಟರು.

ಯುವರಾಜ ಕೊಳಲು ಕಂಡು ಕುಣಿದಾಡಿದ. ಓಣಿಯವರಿಗೆಲ್ಲ ತೋರಿಸಿಕೊಂಡು ಬಂದ, ಗಿರಣಿಗೆ ಹೋಗಿ ಸಿದ್ದಲಿಂಗನಿಗೂ ತೋರಿಸಿ ಕೊಳಲಿಗೆ ಹಿಟ್ಟು ಮೆತ್ತಿಸಿಕೊಂಡು ಬಂದ. ಆಮೇಲೆ ಊದಲು ಕೂತ. ಬಾಯಿ ಇಡುವ ತೂತಿಗೆ ಬಾಯಿ ಇಟ್ಟರೆ ಕೈ ಹಿಗ್ಗಿಸಿದರೂ ಕಡೆಯ ತೂತುಗಳು ದೂರವೇ ಉಳಿಯುತ್ತಿದ್ದವು. ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದುಕೊಳ್ಳುತ್ತಿತ್ತು, ಊದಿದ ಉಸಿರೆಲ್ಲ ಸೋರಿ ಹೋಗುತ್ತಿತ್ತು.

ಚನ್ನಬಸಯ್ಯನವರು ಆ ಕೊಳಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕೊಳಲು ಚಲೋ ಐತಿ. ಆದ್ರ ಇವನ ಕೈಗೆ ಇದು ಹತ್ತಬೇಕಂದ್ರ ಇನ್ನೂ ಬಾಳ ವರ್ಷ ಬೇಕಲ್ರೀ ಸುನಂದಾಬಾಯಿ."

"ಆಗ್ಲಿ ಬಿಡ್ರಿ. ಸಾವಕಾಶ ಕಲೀಲಿ. ನನಗೇನು ಅವಸರ ಇಲ್ಲ."

ಅವರು ಆಕೆಯ ಮುಖವನ್ನು ಒಂದು ಗಳಿಗೆ ನೋಡಿದರು. ತಂಗಿಗೆ ವರ್ಗಾವಣೆಯಾದ ಸುದ್ದಿ ಊರಿಗೆಲ್ಲ ಗೊತ್ತಿತ್ತು. ಸದ್ಯಕ್ಕೆ ಹುಡುಗನಿಗೆ ಬರೀ ಉಸಿರು ಹಿಡಿಯುವುದನ್ನು ಕಲಿಸತೊಡಗಿದರು.

ಬೇಸಿಗೆ ರಜೆಯೆಲ್ಲ ಹೀಗೇ ಕಳೆಯಿತು. ಯುವರಾಜ ಹಟವಾದಿ. ಬೇವಿನ ಗಿಡದ ನೆರಳಲ್ಲಿ ಕೂತು ಎಡಗೈ ಬೆರಳುಗಳನ್ನು ಬಲಗೈಯಿಂದ ಹಿಡಿದು ಜಗ್ಗುತ್ತಿದ್ದ. ದಿನಾ ಜಗ್ಗಿದರೆ ಉದ್ದವಾಗುತ್ತವೆಂದು ಯಾರೋ ಗೆಳೆಯರು ಹೇಳಿದ್ದರಂತೆ. ಸಿದ್ದಲಿಂಗ ಇದನ್ನು ನೋಡಿ ನೋಡಿ ಒಂದು ದಿನ ಗಿರಣಿ ನಿಲ್ಲಿಸಿ ಬಂದ. ಕೂಗದೆ, ಮೆಲ್ಲಗೆ ಹೇಳಿದ: "ಇದು ಸರಿಯಲ್ಲ ನೋಡು. ಹುಡುಗನ್ನ ಕಟ್ಟಿಹಾಕಾಕ ಹೋಗಿ ಅವನ ಬೆರಳು ಜಗ್ಗಸಾಕತ್ತಿ."

"ನೀವು ಸುಮ್ನ ಹಿಟ್ಟು ಬೀಸ್ರಿ," ಎಂದಳು ಸುನಂದಾ. ಗಂಡನ ಮಾತು ನೆಟ್ಟಗೆ ಎದೆಗೆ ತಾಗಿತ್ತು, ಅದಕ್ಕೇ ದನಿ ಅಷ್ಟು ಗಡುಸಾಗಿತ್ತು.

ಮೇ ತಿಂಗಳ ಕಡೆಗೆ ಭಾಗ್ಯಜ್ಯೋತಿ ಮಗನನ್ನು ಕರೆದುಕೊಂಡು ಹೋಗಲೆಂದು ಬಂದಳು. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ಹುಡುಗ ಎದುರಿಗೆ ನಿಂತ ತಾಯಿಯನ್ನು ಕಂಡು ನಾಚಿಕೊಂಡು ದೊಡ್ಡವ್ವನ ಸೆರಗಿನ ಹಿಂದೆ ಸರಿದ. ತಂಗಿಯ ಮುಖ ಬಾಡಿದ್ದನ್ನು ಸುನಂದಾ ನೋಡಿದಳು. ನೋಡಿ ಒಳಗೊಳಗೆ ಸಂತೋಷಪಟ್ಟಳು, ಸುಳ್ಳು ಯಾಕೆ ಹೇಳಬೇಕು. ಊಟವಾದ ಮೇಲೆ ಕಟ್ಟೆಯ ಮೇಲೆ ಕೂತಾಗ ತಾನು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು ಹೊರಗೆ ತೆಗೆದಳು.

"ಯುವರಾಜ ಕೊಳಲು ಕಲಿಯಾಕತ್ತಾನ ಭಾಗ್ಯಾ. ನಡುವ ಬಿಡಸಿದ್ರ ಹಾಳಾಗ್ತೈತಿ. ಕಲಿಯೋತನಕ ಇಲ್ಲೇ ಇರ್ಲಿ. ನೀ ಇಂಡ್ಯಾಗ ಇರ್ತಿ, ಎಷ್ಟು ದೂರ? ಆಯ್ತವಾರಕ್ಕೊಮ್ಮೆ ಬಂದು ಹೋಗು."

ಅಕ್ಕನಿಗೆ ಇಲ್ಲ ಎನ್ನುವ ಬಾಯಿ ಭಾಗ್ಯಜ್ಯೋತಿಗಿರಲಿಲ್ಲ, ಹೂಂ ಎನ್ನುವ ಎದೆಯೂ ಇರಲಿಲ್ಲ. ಕಡೆಗೆ ಮಗನ ಕಡೆ ತಿರುಗಿ, "ಎಲ್ಲಿ, ನನ್ನ ಮುಂದ ಒಂದೀಟು ಊದು ನೋಡೂಣು" ಎಂದಳು.

ಯುವರಾಜ ಕೊಳಲು ತಂದ. ಕೂತು, ಎದ್ದು, ಮತ್ತೆ ಕೂತು ಊದಿದ. ಬುಸ್ ಬುಸ್ ಎಂದು ಗಾಳಿ ಬಂತು. ಬೆರಳುಗಳನ್ನು ಎಷ್ಟು ಚಾಚಿದನೆಂದರೆ ಮುಂಗೈ ನಡುಗತೊಡಗಿತು. ಮತ್ತೆ ಊದಿದ, ಮತ್ತೆ ಗಾಳಿ. ಕೊಳಲನ್ನು ಮೆಲ್ಲಗೆ ಕೆಳಗಿಟ್ಟು ಎರಡೂ ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ದೊಡ್ಡವ್ವ ಚಲೋ ಕೊಳಲೇ ತಂದಾಳ," ಎಂದ ತಾಯಿಗೆ. "ನನ್ನ ಕೈನ ಸರಿ ಇಲ್ಲ."

ಭಾಗ್ಯಜ್ಯೋತಿ ಅವನನ್ನು ಹತ್ತಿರ ಎಳೆದುಕೊಂಡು ಬೆನ್ನ ಹಿಂದಿನ ಕೈಗಳನ್ನು ಬಿಡಿಸಿ ಮುಂದೆ ತಂದಳು. ಒಂದೊಂದೇ ಬೆರಳನ್ನು ಒತ್ತಿ ನೋಡುತ್ತಾ, "ಎಲ್ಲಾ ಸರಿ ಅದಾವಲ್ಲೋ ರಾಜಾ" ಎಂದಳು. ಹುಡುಗ ನಂಬಲಿಲ್ಲ. ತಲೆ ಅಲ್ಲಾಡಿಸಿ ದೊಡ್ಡವ್ವನ ಮುಖ ನೋಡಿದ.

ಸುನಂದಾ ಸಾವಿರಾರು ಮಕ್ಕಳಿಗೆ ಹೊಲಿದವಳು. ಕೊರಳಿಗೆ ಬಿಗಿಯಾದರೆ, ತೋಳು ಗಿಡ್ಡವಾದರೆ, ತಾಯಂದಿರು ಮಕ್ಕಳನ್ನೇ ಬೈಯುವುದುಂಟು. ಡೊಳ್ಳು ಹೊಟ್ಟೆ ಅಂತ, ಕಡ್ಡಿ ಪೈಲ್ವಾನ ಅಂತ. ಆಗ ಆಕೆ ಕತ್ತರಿ ಕೆಳಗಿಟ್ಟು ಜಗಳಕ್ಕೇ ನಿಲ್ಲುತ್ತಿದ್ದಳು. ಮಗುವಿನ ಮೈಯಲ್ಲಿ ತಪ್ಪಿರುವುದಿಲ್ಲ, ಹೊಲಿದವರದು ತಪ್ಪು ಎಂದು ಗದರುತ್ತಿದ್ದಳು. ಈಗ ತಾನು ಸಾಕಿದ ಹುಡುಗ, ತನ್ನ ಕಣ್ಣೆದುರಿಗೆ, 'ನನ್ನ ಕೈನ ಸರಿ ಇಲ್ಲ' ಎನ್ನುತ್ತಿದ್ದಾನೆ. ದೊಡ್ಡವ್ವನನ್ನು ಬಿಟ್ಟುಕೊಡಬಾರದೆಂದು ತಪ್ಪನ್ನೆಲ್ಲ ತನ್ನ ಬೆರಳಿಗೆ ಹಾಕಿಕೊಂಡಿದ್ದಾನೆ. ನಾಚಿಕೆಯಿಂದ ಆಕೆಯ ಮೈ ಬಿಸಿಯಾಯಿತು.

"ನಿನ್ನ ಕೈಯಾಗ ಏನೂ ತಪ್ಪಿಲ್ಲ ಯುವರಾಜ," ಎಂದಳು. "ನಾನ ತಪ್ಪು ಕೊಳಲು ತಂದೇನಿ."

"ಯಾಕ ತಂದಿ?"

ಸುನಂದಾ ಕೆಳಗಿದ್ದ ಕೊಳಲನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ಭಾಗ್ಯಜ್ಯೋತಿ ಕೊಳಲನ್ನು ನೋಡಿದಳು, ಅಕ್ಕನನ್ನು ನೋಡಿದಳು, ಆಮೇಲೆ ಸರಿದು ಬಂದು ಅಕ್ಕನ ಮೊಣಕಾಲ ಮೇಲೆ ಕೈ ಇಟ್ಟು ಕೂತಳು. ಹುಡುಗ ಇಲ್ಲೇ ಉಳಿಯುವ ವಿಷಯವನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ತಂಗಿ ರೊಟ್ಟಿ ಬಡಿಯಲು ಕೂತಾಗ ಸುನಂದಾ ಹುಡುಗನ ತಲೆ ಬಾಚಿ, ಕೊಳಲನ್ನು ಅದೇ ಕಾಗದದಲ್ಲಿ ಸುತ್ತಿ, ಅವನ ಕೈ ಹಿಡಿದುಕೊಂಡು ಮುದ್ದೇಬಿಹಾಳಕ್ಕೆ ಹೊರಟಳು. ಬಸ್ಸಿನಲ್ಲಿ ಯುವರಾಜ ಕಿಟಕಿಯ ಕಡೆ ಕೂತು ಲೋಕದ ಮಾತೆಲ್ಲ ಆಡಿದ. ಆಕೆಗೆ ಒಂದೂ ಕೇಳಿಸಲಿಲ್ಲ. ತನ್ನ ಅಂಗೈಯಲ್ಲಿದ್ದ ಆ ಸಣ್ಣ ಕೈಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತಿದ್ದಳು. ಇಷ್ಟು ವರ್ಷ ಈ ಕೈ ನಾಳೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿದ್ದಳೇ ಹೊರತು ಇವತ್ತು ಎಷ್ಟಿದೆಯೆಂದು ಸರಿಯಾಗಿ ನೋಡಿರಲಿಲ್ಲ. ಉಗುರಲ್ಲಿ ಮಣ್ಣಿತ್ತು. ಹೆಬ್ಬೆರಳ ಬುಡದಲ್ಲಿ ಗೋಲಿ ಆಡಿ ಆಡಿ ಚರ್ಮ ಗಟ್ಟಿಯಾಗಿತ್ತು.

ಬಾಬುಲಾಲ ಆಕೆಯನ್ನು ಗುರುತು ಹಿಡಿದರು. ಉದ್ದದ ಕೊಳಲನ್ನು ಇಸಿದುಕೊಂಡು ಡಬ್ಬಿಯಲ್ಲಿಟ್ಟರು, ಹಂಗಿಸುವ ಒಂದು ಮಾತೂ ಆಡಲಿಲ್ಲ. ಯುವರಾಜನನ್ನು ಸ್ಟೂಲಿನ ಮೇಲೆ ಕೂರಿಸಿ, "ಕೈ ತೋರಸಪಾ ಸಾಹೇಬ" ಎಂದರು. ಒಂದು ಕೊಳಲು ಕೊಟ್ಟು ಹಿಂದಕ್ಕೆ ತಗೊಂಡರು, ಇನ್ನೊಂದು ಕೊಟ್ಟರು. ಅದರಲ್ಲಿ ಕಿರುಬೆರಳ ಪಕ್ಕದ ಬೆರಳು ಜಾರುತ್ತಿತ್ತು. ಅದನ್ನೂ ಇಟ್ಟು ಇನ್ನೂ ಸಣ್ಣದೊಂದನ್ನು ತೆಗೆದರು. ಯುವರಾಜನ ಬೆರಳುಗಳು ತೂತುಗಳ ಮೇಲೆ ತಾವಾಗಿಯೇ ಕೂತವು. ಮುಂಗೈ ನಡುಗಲಿಲ್ಲ.

ಊದಿದ. ಅಂಗಡಿಯ ತುಂಬ ಸ್ವಚ್ಛವಾದ ದನಿ ತುಂಬಿತು. ಎಲ್ಲ ಬೆರಳೂ ಮುಚ್ಚಿ ಊದಿದ, ಒಂದೊಂದೇ ಎತ್ತುತ್ತಾ ಊದಿದ. ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡ ಉಸಿರೆಲ್ಲ ಈಗ ದನಿಯಾಗಿ ಹೊರಬರುತ್ತಿತ್ತು. ಎದುರಿನ ಚಹಾದಂಗಡಿಯವರು ಇತ್ತ ತಿರುಗಿದರು. ಸುನಂದಾಳ ಕಣ್ಣು ತುಂಬಿದವು. ಇದನ್ನೇ ಅಲ್ಲವೇ ಆಕೆ ಬೇಸಿಗೆಯೆಲ್ಲ ತಡೆದು ನಿಲ್ಲಿಸಿದ್ದು?

"ಅಗದೀ ಚಲೋ," ಎಂದರು ಬಾಬುಲಾಲ. "ಬಿಸಲಾಗ ಇಡಬ್ಯಾಡ್ರಿ, ಬಿದಿರು ಸೀಳ್ತೈತಿ. ಆಗಾಗ ಒಳಗ ಒಂದೀಟು ಎಣ್ಣಿ ಹಚ್ಚರಿ. ಬೆರಳು ಬೆಳದ ಮ್ಯಾಲ ಬಾ ತಂಗಿ, ಇದಕ್ಕಿಂತ ದೊಡ್ಡದು ಕೊಡ್ತೇನಿ."

"ಆವಾಗ ಇವರವ್ವ ಕರಕೊಂಡ ಬರ್ತಾಳ್ರಿ," ಎಂದಳು ಸುನಂದಾ. ಹೇಳಿ, ಹುಡುಗನ ಕೈ ಹಿಡಿದು ಅಂಗಡಿಯಿಂದ ಇಳಿದಳು.

ಬಸ್‌ಸ್ಟ್ಯಾಂಡಿನಲ್ಲಿ ಬಾಗೇವಾಡಿಯ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಯುವರಾಜ ಊದುತ್ತಲೇ ಇದ್ದ. ಇದ್ದಕ್ಕಿದ್ದಂತೆ ನಿಲ್ಲಿಸಿ ಕೊಳಲನ್ನು ತೊಡೆಯ ಮೇಲಿಟ್ಟುಕೊಂಡ. ಅವನ ಮುಖ ಸಣ್ಣದಾಗಿತ್ತು.

"ದೊಡ್ಡವ್ವಾ, ಇಂಡ್ಯಾಗೂ ಇದರಾಗ ದನಿ ಬರ್ತೈತೇನು?"

ಸುನಂದಾಳಿಗೆ ಅರ್ಥವಾಯಿತು. ಆಕೆ ಅಂದು ಆಡಿದ 'ಇಂಡ್ಯಾಗ ಬರಂಗಿಲ್ಲ' ಎಂಬ ಮಾತನ್ನು ಹುಡುಗ ಅಕ್ಷರಶಃ ನಂಬಿಕೊಂಡು ಕೂತಿದ್ದ. ತಾಯಿಯ ಹಿಂದೆ ಹೋದರೆ ಕೊಳಲು ಮೂಕವಾಗುತ್ತದೆ ಎಂದುಕೊಂಡಿದ್ದ. ನಿನ್ನೆ ತಾಯಿಯನ್ನು ಕಂಡು ಸೆರಗಿನ ಹಿಂದೆ ಸರಿದದ್ದಕ್ಕೆ ಅದೇ ಕಾರಣವೋ ಏನೋ, ಯಾರಿಗೆ ಗೊತ್ತು. ಇಲ್ಲ ಎಂದರೆ ಸಾಕಿತ್ತು. ಆ ಒಂದು ಮಾತಿಗೆ ಹುಡುಗ ತಾಯಿಯ ಮುಂದೆ ಕಾಲು ಬಡಿದು ಅಳುತ್ತಿದ್ದ, ಬರುವುದಿಲ್ಲ ಎನ್ನುತ್ತಿದ್ದ. ಭಾಗ್ಯಜ್ಯೋತಿ ಮೆತ್ತನೆಯ ಹೆಂಗಸು, ಬಿಟ್ಟು ಹೋಗುತ್ತಿದ್ದಳು. ಮಾತು ಸುನಂದಾಳ ನಾಲಿಗೆಯ ತುದಿಗೇ ಬಂದಿತ್ತು. ಆಕೆ ಹುಡುಗನ ಕೈ ನೋಡಿದಳು. ಅದು ಕೊಳಲನ್ನು ಬಿಗಿಯಾಗಿ ಹಿಡಿದಿತ್ತು.

"ಬರ್ತೈತಪಾ," ಎಂದಳು. "ಇಂಡ್ಯಾಗೂ ಬರ್ತೈತಿ. ನೀ ಎಲ್ಲಿ ಊದಿದ್ರೂ ಬರ್ತೈತಿ."

"ಖರೇನ?"

"ಖರೇ."

ಯುವರಾಜನ ಮುಖ ಅರಳಿತು. "ಹಂಗಾದ್ರ ನಾ ಅವ್ವನ ಕೂಡ ಹೋಗ್ತೇನಿ," ಎಂದು ಮತ್ತೆ ಕೊಳಲನ್ನು ತುಟಿಗಿಟ್ಟುಕೊಂಡ.